ಜೈಲಿನಲ್ಲಿರುವ ಮನೆಯವರನ್ನು ಭೇಟಿಯಾಗುವುದು ಹೇಗೆ?

ಮನೆಯ ಒಬ್ಬರನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಗಿದೆ ಎಂಬ ಸುದ್ದಿ ತಲುಪಿದ ಮರುದಿನ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು, ನಾಲ್ಕೈದು ಮಂದಿ ಒಟ್ಟಾಗಿ ಜೈಲಿನ ಗೇಟಿನ ಮುಂದೆ ಬಂದು ನಿಲ್ಲುವುದು ನಮ್ಮ ಕರಾವಳಿಯ ಕಡೆ ಸಾಮಾನ್ಯ. ಬುತ್ತಿ ಒಳಗೆ ಹೋಗುವುದಿಲ್ಲ, ಬಂದವರಲ್ಲಿ ಕೆಲವರು ಹೊರಗೇ ಉಳಿಯಬೇಕಾಗುತ್ತದೆ, ಒಮ್ಮೊಮ್ಮೆ ಆ ವ್ಯಕ್ತಿ ಆ ಜೈಲಿನಲ್ಲೇ ಇರುವುದಿಲ್ಲ. ಭೇಟಿಗೆಂದು ಸಿಗುವುದು ಕೆಲವೇ ನಿಮಿಷ. ಅದು ಕೆಡುವುದು ಹೆಚ್ಚಾಗಿ ಮನೆಯಲ್ಲೇ ಮುಗಿಸಬಹುದಾಗಿದ್ದ ಸಿದ್ಧತೆ ಆಗದ ಕಾರಣಕ್ಕೆ.

ಹೋಗುವವರಿಗೆ ಇನ್ನೊಂದು ಅಳುಕೂ ಇರುತ್ತದೆ: ಯಾರದೋ ದಯೆ ಬೇಡಲು ಹೊರಟಿದ್ದೇವೆ ಎಂಬ ಭಾವನೆ. ಅದಕ್ಕೆ ಆಧಾರವಿಲ್ಲ. ಬಂಧನದಲ್ಲಿರುವ ವ್ಯಕ್ತಿ ತನ್ನ ಕುಟುಂಬದವರನ್ನೂ ವಕೀಲರನ್ನೂ ಕಾಣುವುದು ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1981ರಲ್ಲಿಯೇ, ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಪ್ರಕರಣದಲ್ಲಿ ಹೇಳಿದೆ. ಜೈಲಿನಲ್ಲಿ ಇರುವವರೆಲ್ಲ ಅಪರಾಧ ಸಾಬೀತಾದವರೂ ಅಲ್ಲ. 2022ರ ರಾಷ್ಟ್ರೀಯ ಅಂಕಿಅಂಶಗಳ ಪ್ರಕಾರ ದೇಶದ 5,73,220 ಬಂದಿಗಳಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ವಿಚಾರಣೆ ಇನ್ನೂ ಮುಗಿಯದವರು. ನೆಂಟರಿಷ್ಟರ ಪಿಸುಮಾತಿಗೆ ಉತ್ತರ ಕೊಡಬೇಕಾಗಿ ಬಂದಾಗ ಈ ಲೆಕ್ಕ ನೆನಪಿನಲ್ಲಿರಲಿ.

ಮೊದಲು, ಎಲ್ಲಿದ್ದಾರೆಂದು ಖಚಿತಪಡಿಸಿಕೊಳ್ಳಿ

ಬಂಧಿಸಿದ ವ್ಯಕ್ತಿಯನ್ನು ಪೊಲೀಸರು, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಬಂಧನದ ವಿಷಯವನ್ನೂ ಇರಿಸಿದ ಸ್ಥಳವನ್ನೂ ಆತ ಹೆಸರಿಸಿದ ಬಂಧುವಿಗೋ ಸ್ನೇಹಿತನಿಗೋ ತಿಳಿಸಬೇಕು. ಮ್ಯಾಜಿಸ್ಟ್ರೇಟರು ಪೊಲೀಸ್ ಕಸ್ಟಡಿಗೆ ಕೊಟ್ಟಿದ್ದರೆ ಆತ ಠಾಣೆಯ ವಶದಲ್ಲಿರುತ್ತಾನೆ, ಜೈಲಿಗೆ ಹೋಗಿ ಪ್ರಯೋಜನವಿಲ್ಲ. ನ್ಯಾಯಾಂಗ ಬಂಧನವಾದರೆ ಮಾತ್ರ ಜೈಲು. ಮಂಗಳೂರಿನ ಜಿಲ್ಲಾ ಕಾರಾಗೃಹ ನಗರದ ನಡುವೆ, ಕೊಡಿಯಾಲಬೈಲಿನಲ್ಲಿದೆ. ಬಿಜೈಯ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ರಿಕ್ಷಾದಲ್ಲಿ ಸ್ವಲ್ಪವೇ ದೂರ. ಉಡುಪಿಯ ಜೈಲು ಇರುವುದು ಊರ ಹೊರಗೆ, ಹಿರಿಯಡ್ಕದ ಬಳಿ. ಮಣಿಪಾಲ, ಪರ್ಕಳ ದಾಟಿ ಹೆಬ್ರಿ ಕಡೆಗೆ ಹೋಗುವ ಬಸ್ಸುಗಳು ಹಿರಿಯಡ್ಕದ ಮೇಲೆ ಹೋಗುತ್ತವೆ. ಆದರೆ ಉಡುಪಿಯ ಪ್ರಕರಣವೆಂದ ಮಾತ್ರಕ್ಕೆ ಹಿರಿಯಡ್ಕವೇ ಎಂದು ತಿಳಿಯಬೇಡಿ. ಸ್ಥಳಾವಕಾಶ ಅಥವಾ ಭದ್ರತೆಯ ಕಾರಣಕ್ಕೆ ಬಂದಿಗಳನ್ನು ಬೇರೆ ಜೈಲಿಗೆ ಕಳುಹಿಸುವುದುಂಟು. ಯಾವ ಜೈಲಿಗೆ ವಾರಂಟ್ (ಜೈಲಿಗೆ ಕಳುಹಿಸುವ ನ್ಯಾಯಾಲಯದ ಆದೇಶ) ಆಗಿದೆ, ಠಾಣೆಯ ಅಪರಾಧ ಸಂಖ್ಯೆ ಎಷ್ಟು, ಮುಂದಿನ ದಿನಾಂಕ ಯಾವಾಗ ಎಂಬ ಮೂರು ಸಂಗತಿಗಳನ್ನು ವಕೀಲರಿಂದ ಕೇಳಿ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ವಕೀಲರೇ ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು, ಅಥವಾ 15100 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಹೆಸರು, ಗುರುತಿನ ಚೀಟಿ, ಸಂಬಂಧ

ಸರತಿಯಲ್ಲಿ ನಿಂತವರನ್ನು ಅತಿ ಹೆಚ್ಚು ಗೋಳಾಡಿಸುವುದು ಹೆಸರು. ವಾರಂಟಿನಲ್ಲಿ ಬರೆದ ಹೆಸರೂ ಮನೆಯಲ್ಲಿ ಕರೆಯುವ ಹೆಸರೂ ನಮ್ಮಲ್ಲಿ ಒಂದೇ ಆಗಿರುವುದು ಅಪರೂಪ. ಒಬ್ಬರ ಹೆಸರಿಗೆ ಮನೆತನದ ಹೆಸರು ಸೇರಿರುತ್ತದೆ, ಇನ್ನೊಬ್ಬರಿಗೆ ಊರಿನ ಹೆಸರು, ಮತ್ತೊಬ್ಬರ ಇನಿಶಿಯಲ್ ಮುಂದೆ ಇರಬೇಕಾದುದು ಹಿಂದೆ ಇರುತ್ತದೆ. ನಿಮ್ಮ ಅರ್ಜಿಯಲ್ಲಿ ಬಂದಿಯ ಹೆಸರನ್ನೂ ತಂದೆಯ ಹೆಸರನ್ನೂ ನ್ಯಾಯಾಲಯದ ಕಾಗದದಲ್ಲಿ ಇದ್ದಂತೆಯೇ, ಒಂದು ಅಕ್ಷರವೂ ಹೆಚ್ಚುಕಡಿಮೆಯಾಗದಂತೆ ಬರೆಯಿರಿ.

ನಿಮ್ಮ ಆಧಾರ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿಯ ಜೊತೆಗೆ ಎರಡು ಜೆರಾಕ್ಸ್ ಪ್ರತಿಗಳನ್ನು ಇಟ್ಟುಕೊಳ್ಳಿ. ಸಂಬಂಧವನ್ನು ತೋರಿಸುವ ದಾಖಲೆಯನ್ನು, ಉದಾಹರಣೆಗೆ ಪಡಿತರ ಚೀಟಿ ಅಥವಾ ಮದುವೆಯ ಪ್ರಮಾಣಪತ್ರವನ್ನು, ಒಯ್ಯುವುದು ಒಳ್ಳೆಯದು. ಇಲ್ಲಿ ತುಳುನಾಡಿಗೇ ಸೇರಿದ ಒಂದು ತೊಡಕಿದೆ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಸಾಗುವ, ಕುಟುಂಬಗಳಲ್ಲಿ ಮನೆಗೆ ಹಿರಿಯನಾಗಿ ಓಡಾಡುವವನು ಹಲವು ಸಲ ಸೋದರಮಾವ. ಆದರೆ ಆತನ ಆಧಾರ್ ಕಾರ್ಡಿನಲ್ಲಿ ಅಳಿಯನ ಜೊತೆಗಿನ ಸಂಬಂಧವನ್ನು ತೋರಿಸುವ ಯಾವ ಗುರುತೂ ಇರುವುದಿಲ್ಲ, ವಿಳಾಸವೂ ಬೇರೆಯದೇ. ಇಂಥ ಸಂದರ್ಭದಲ್ಲಿ ಮೊದಲ ಭೇಟಿಗೆ ಮಾವ ಒಬ್ಬರೇ ಹೋಗುವ ಬದಲು ತಾಯಿಯೊಂದಿಗೆ ಹೋಗುವುದು ಜಾಣತನ. ತನ್ನನ್ನು ಕಾಣಲು ಬರುವವರ ಹೆಸರುಗಳನ್ನು ಒಳಗಿರುವವರೂ ಸಿಬ್ಬಂದಿಗೆ ತಿಳಿಸಿರುವಂತೆ ವಕೀಲರ ಮೂಲಕ ಹೇಳಿ ಕಳುಹಿಸಿ.

ದಿನ ಕಾಯ್ದಿರಿಸುವುದು

ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಇ-ಮುಲಾಖಾತ್ ಎಂಬ ವಿಭಾಗವಿದೆ. ರಾಜ್ಯ, ಜೈಲು, ಭೇಟಿಯ ದಿನ, ನಿಮ್ಮ ಹೆಸರು ಮತ್ತು ವಿಳಾಸ, ಗುರುತಿನ ಚೀಟಿಯ ಸಂಖ್ಯೆ, ಬಂದಿಯ ವಿವರ, ಸಂಬಂಧ ಇಷ್ಟನ್ನು ತುಂಬಿದರೆ ಕೋರಿಕೆ ಜೈಲಿಗೆ ತಲುಪುತ್ತದೆ. ಅಲ್ಲಿನ ಅಧಿಕಾರಿ ಒಪ್ಪಿದ ಮೇಲೆಯೇ ಅದು ಭೇಟಿಯಾಗುತ್ತದೆ. ನೇರ ಭೇಟಿ ಮತ್ತು ವಿಡಿಯೊ ಭೇಟಿ ಎಂಬ ಎರಡು ಆಯ್ಕೆಗಳಿರುತ್ತವೆ. ಮಗ ಕೊಲ್ಲಿ ದೇಶದಲ್ಲಿದ್ದು, ತಾಯಿ ಮಂಡಿನೋವಿನಿಂದ ಬಸ್ಸು ಹತ್ತಲಾರದೆ ಇರುವ ಮನೆಗಳಿಗೆ ಎರಡನೆಯದು ನಿಜವಾದ ಉಪಕಾರ.

ಈ ಕೆಲಸವನ್ನು ಮನೆಯಲ್ಲಿಯೇ ಮುಗಿಸಿ. ಕೊಡಿಯಾಲಬೈಲಿನ ಜೈಲಿನಲ್ಲಿ ಮೊಬೈಲ್ ಜಾಮರ್ ಅಳವಡಿಸಿದ ಮೇಲೆ ತಮ್ಮ ಫೋನುಗಳಿಗೂ ಸಿಗ್ನಲ್ ಸಿಗುತ್ತಿಲ್ಲವೆಂದು ಸುತ್ತಲಿನ ನಿವಾಸಿಗಳು 2025ರಲ್ಲಿ ದೂರಿದ್ದರು. ಗೇಟಿನ ಬಳಿ ನಿಂತು ಒಟಿಪಿಗಾಗಿ ಕಾಯುವುದು ಜಾಣರ ಕೆಲಸವಲ್ಲ. ಎಷ್ಟು ಸಲ ಭೇಟಿಯಾಗಬಹುದು ಎಂಬುದು ವಿಚಾರಣಾಧೀನರಿಗೂ ಶಿಕ್ಷೆಯಾದವರಿಗೂ ಬೇರೆ ಬೇರೆ. ಭೇಟಿಯ ಸಮಯವನ್ನೂ ರಜಾದಿನಗಳನ್ನೂ ಜೈಲಿನ ಕಚೇರಿಗೆ ಕರೆ ಮಾಡಿ ಕೇಳಿ, ಪಕ್ಕದ ಮನೆಯವರ ಹಳೆಯ ಅನುಭವವನ್ನು ನೆಚ್ಚಬೇಡಿ.

ಏನು ಒಯ್ಯಬೇಕು

ಸಾಧ್ಯವಾದಷ್ಟು ಕಡಿಮೆ. ವಿಚಾರಣಾಧೀನರು ತಮ್ಮದೇ ಬಟ್ಟೆ ತೊಡಬಹುದಾದ್ದರಿಂದ ಎರಡು ಜೊತೆ ಬಟ್ಟೆ, ಒಂದು ಬೈರಾಸು (ಟವೆಲ್), ಕನ್ನಡಕ ಇಂಥವು ಪರಿಶೀಲನೆಯ ನಂತರ ಒಳಗೆ ಹೋಗಬಹುದು. ಮನೆಯ ಅಡುಗೆಯನ್ನು, ಅದಕ್ಕೆಂದೇ ಅನುಮತಿ ಇಲ್ಲದಿದ್ದರೆ, ಒಯ್ಯಬೇಡಿ. ನಿತ್ಯ ಮಾತ್ರೆ ಬೇಕಾದವರ ವಿಷಯ ಬೇರೆ: ವೈದ್ಯರ ಚೀಟಿಯೊಂದಿಗೆ ಮಾತ್ರೆಯನ್ನು ಸಿಬ್ಬಂದಿಗೆ ಕೊಟ್ಟು, ಜೈಲಿನ ವೈದ್ಯರಿಗೆ ತಲುಪಿಸಲು ಕೋರಿ, ಯಾವಾಗ ಯಾರಿಗೆ ಕೊಟ್ಟಿರೆಂದು ಬರೆದಿಟ್ಟುಕೊಳ್ಳಿ. ಹಣವನ್ನು ಬಂದಿಯ ಹೆಸರಿನಲ್ಲಿರುವ ಜೈಲಿನ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ. ಕ್ಯಾಂಟೀನಿನ ಖರ್ಚು ಅದರಿಂದ ಕಳೆಯುತ್ತದೆ. ಬೀಡಿ, ತಂಬಾಕು, ಮೊಬೈಲ್, ಸಿಮ್ ಯಾರು ಕೊಟ್ಟು ಕಳುಹಿಸಿದರೂ ಮುಟ್ಟಬೇಡಿ. ಸರತಿಯಲ್ಲಿ ಅಪರಿಚಿತರು "ಇದೊಂದು ತೊಟ್ಟೆ ನನ್ನ ತಮ್ಮನಿಗೆ ಕೊಡಿ ಅಕ್ಕಾ" ಎಂದರೂ ಬೇಡವೆನ್ನಿ. ಅದರೊಳಗೆ ಏನಿದ್ದರೂ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ನೀವು.

ಆ ಕೆಲವು ನಿಮಿಷಗಳು

ಭೇಟಿ ನಡೆಯುವುದು ಸಿಬ್ಬಂದಿಯ ಕಣ್ಣೆದುರಿನಲ್ಲಿ. ಪಕ್ಕದಲ್ಲಿ ಇನ್ನೂ ಹತ್ತು ಕುಟುಂಬಗಳು ತುಳು, ಬ್ಯಾರಿ, ಕೊಂಕಣಿ, ಕನ್ನಡಗಳಲ್ಲಿ ಒಟ್ಟಿಗೆ ಮಾತನಾಡುತ್ತಿರುವಾಗ ನಿಮ್ಮ ದನಿಯೂ ಏರುತ್ತದೆ. ಮೇಲ್ವಿಚಾರಣೆಯವರು ಘಟ್ಟದ ಮೇಲಿನವರಾಗಿದ್ದು ನಿಮ್ಮ ಭಾಷೆಯ ಬಗ್ಗೆ ಕೇಳಿದರೆ ಕೆರಳಬೇಡಿ, ಏನು ಮಾತನಾಡಿದಿರೆಂದು ಕನ್ನಡದಲ್ಲಿ ಹೇಳಿಬಿಡಿ.

ಪ್ರಕರಣದ ಸಾಕ್ಷಿ, ಘಟನೆಯ ವಿವರಗಳ ಮಾತು ಅಲ್ಲಿ ಬೇಡವೇ ಬೇಡ. ಅದು ವಕೀಲರ ಭೇಟಿಗೆ ಸೇರಿದ್ದು. ಜಾಮೀನಿನ ಬಗ್ಗೆ ಮುಂದಿನ ದಿನಾಂಕವನ್ನಷ್ಟೇ ಹೇಳಿ, ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ. "ನಾಡಿದ್ದು ಬರುತ್ತೀ ಮಗಾ" ಎಂದು ತಾಯಿ ಹೇಳಿದ ದಿನವನ್ನು ಒಳಗಿರುವವನು ಗಂಟೆಗಳ ಲೆಕ್ಕದಲ್ಲಿ ಕಾಯುತ್ತಾನೆ. ನಿದ್ದೆ, ಊಟ, ಮೈಗೆ ಆದ ಗಾಯ ಇವನ್ನು ನೇರವಾಗಿ ಕೇಳಿ. ಗಾಯ ಕಂಡರೆ ಅದೇ ದಿನ ವಕೀಲರಿಗೆ ತಿಳಿಸಿ. ಉಳಿದ ಸಮಯದಲ್ಲಿ ಮನೆಯ ಸಣ್ಣಪುಟ್ಟ ಸುದ್ದಿಗಳೇ ಸಾಕು: ಅಡಿಕೆಗೆ ಮದ್ದು ಬಿಟ್ಟಾಯಿತು, ಹಸು ಕರು ಹಾಕಿತು. ಉಪದೇಶಕ್ಕೆ ಬೇರೆ ಕಾಲ ಸಿಗುತ್ತದೆ.

ಒಳಗಿರುವವರೇ ಭೇಟಿಗೆ ಬರಲು ಒಪ್ಪದಿರುವುದೂ ಉಂಟು. ನಾಚಿಕೆಯಿಂದಲೋ, ಮಕ್ಕಳು ತನ್ನನ್ನು ಅಲ್ಲಿ ನೋಡಬಾರದೆಂದೋ ಹಾಗೆ ಮಾಡುತ್ತಾರೆ. ಜಗಳವಾಡದೆ ಒಂದು ಪತ್ರ ಬರೆಯಿರಿ. ಸಿಬ್ಬಂದಿ ಓದಿಯೇ ಕೊಡುತ್ತಾರೆಂಬುದು ನೆನಪಿರಲಿ. ಇನ್ನು ಅಧಿಕಾರಿಯೇ ಭೇಟಿಯನ್ನು ನಿರಾಕರಿಸಿದರೆ, ಗೇಟಿನ ಮುಂದೆ ಕೂಗಾಡುವ ಬದಲು ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಟ್ಟು ಕಾರಣ ಕೇಳಿ, ಸ್ವೀಕೃತಿ ಪಡೆದು, ಆ ಪ್ರತಿಯನ್ನು ವಕೀಲರಿಗೆ ಮುಟ್ಟಿಸಿ.

ದೀರ್ಘ ಶಿಕ್ಷೆಯಾದವರನ್ನು ಮೈಸೂರು, ಶಿವಮೊಗ್ಗದಂಥ ಕೇಂದ್ರ ಕಾರಾಗೃಹಗಳಿಗೆ ಕಳುಹಿಸಿದಾಗ ಈ ಎಲ್ಲ ಕೆಲಸಕ್ಕೆ ಘಟ್ಟವೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಶಿರಾಡಿ, ಚಾರ್ಮಾಡಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಹೊಸತಲ್ಲ. ಮಳೆಗಾಲದ ಭೇಟಿಗೆ ಹಿಂದಿನ ದಿನವೇ ಹೊರಟು ಅಲ್ಲಿ ಉಳಿದುಕೊಳ್ಳಿ, ಅಥವಾ ಆ ನಾಲ್ಕು ತಿಂಗಳು ವಿಡಿಯೊ ಭೇಟಿಗೆ ಕೋರಿಕೆ ಸಲ್ಲಿಸಿ.