ಮಂಡಿ ಕೈಕೊಟ್ಟರೂ ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸೋದು ಹೇಗೆ?

ಸ್ಪ್ರಿಂಟ್ ಟ್ರಯಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಂದರ ಹಿಂದೆ ಒಂದು, ಮಧ್ಯೆ ಬಟ್ಟೆ ಬದಲಿಸುವಾಗಲೂ ಗಡಿಯಾರ ನಿಲ್ಲುವುದಿಲ್ಲ. ಕಾಫಿ ತೋಟದಲ್ಲಿ ಜಾರಿ ಬಿದ್ದು ಮಂಡಿಯ ಲಿಗಮೆಂಟ್ ಹರಿದುಕೊಂಡವನು ನಾನು. ಹಾಗಾಗಿ ಡಾಕ್ಟರ್, ಫಿಸಿಯೋ ಇಬ್ಬರೂ ಸರಿ ಅನ್ನುವವರೆಗೆ ಓಡಲೇಬೇಡಿ.

ಈಜು ಮಂಡಿಗೆ ಹಗುರ. ಆದರೆ ಫ್ರೀಸ್ಟೈಲ್ (ಕೈಗಳನ್ನು ಒಂದಾದ ಮೇಲೊಂದು ಬೀಸಿ, ಕಾಲು ನೇರವಾಗಿ ಬಡಿಯುವ ಈಜು) ಕಲಿಯಿರಿ, ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಪ್ಪೆ ಥರ ಒದೆಯುವಾಗ ಮಂಡಿಯ ಒಳಬದಿ ಎಳೆಯುತ್ತದೆ. ಈಜುಕೊಳವೇ ಸಾಕು. ಮಳೆಗಾಲದ ಕಾವೇರಿಗೆ ಇಳಿಯುವ ಹುಚ್ಚು ಬೇಡ.

ಸೈಕಲ್‌ಗೆ ಮಡಿಕೇರಿಯ ಏರು ಈಗಲೇ ಬೇಡ, ಕುಶಾಲನಗರದ ಕಡೆ ರಸ್ತೆ ಸಮ ಇದೆ, ಅಲ್ಲಿ ಶುರು ಮಾಡಿ. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಕಾಲು ಸ್ವಲ್ಪವೇ ಬಾಗಿರಬೇಕು. ಹಗುರ ಗೇರ್ ಹಾಕಿ ನಿಮಿಷಕ್ಕೆ 80-90 ಸುತ್ತು ತುಳಿಯಿರಿ. ನಾನು ದೊಡ್ಡ ಗೇರ್‌ನಲ್ಲಿ ಹೀರೋ ಆಗಲು ಹೋಗಿ ಎರಡು ವಾರ ಸುಮ್ನೆ ಐಸ್ ಇಟ್ಟುಕೊಂಡು ಕೂತಿದ್ದೆ.

ಸೈಕಲ್ ಇಳಿದ ಮೇಲೇ ನಿಜವಾದ ಪರೀಕ್ಷೆ. ಕಾಲು ಮರದ ತುಂಡಿನ ಹಾಗೆ ಬಿಗಿದಿರುತ್ತದೆ, ತೊಡೆ ಮಾತು ಕೇಳುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಸೈಕಲ್ ಇಳಿದ ಕೂಡಲೇ 10 ನಿಮಿಷ ಓಡಿ: 4 ನಿಮಿಷ ಓಟ, 1 ನಿಮಿಷ ನಡಿಗೆ. ರೇಸ್‌ನಲ್ಲೂ ನಡೆಯಬಹುದು, ಯಾರೂ ಬೇಡ ಅನ್ನುವುದಿಲ್ಲ. ಏರಿಗಿಂತ ಇಳಿಜಾರೇ ಮಂಡಿಗೆ ಜಾಸ್ತಿ ಪೆಟ್ಟು ಕೊಡುತ್ತದೆ, ನಮ್ಮೂರಲ್ಲಿ ಇವೆರಡು ಬಿಟ್ಟು ಬೇರೇನಿದೆ ಅಲ್ವಾ? ನಾನು ಶಾಲೆ ಮೈದಾನ ಸುತ್ತುತ್ತೇನೆ. ರಾತ್ರಿ ಮಂಡಿ ಊದಿದರೆ ಮರುದಿನ ರಜೆ.