ಕಂಪನಿದೋ, ಹೊರಗಿಂದೋ: ನನ್ನ ಡಿಸೈರಿಗೆ ನಾನು ಪಾರ್ಟ್ಸ್ ಆರಿಸುವ ರೀತಿ

ಹುಬ್ಬಳ್ಳಿಯ ಪಿ.ಬಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಕೌಂಟರಿನಲ್ಲಿ ಮೊದಲು ಕೇಳೋದೇ ಇದು: "ಕಂಪನಿದ ಕೊಡ್ಲೇನ್ರಿ, ಹೊರಗಿಂದು ನಡಿತೈತ್ರಿ?" ನಾನು ಎರಡಕ್ಕೂ ಹ್ಞೂಂ ಅನ್ನುವುದಿಲ್ಲ. "ಯಾರು ಮಾಡಿದ್ದೈತಿ, ಡಬ್ಬಿ ತೋರಸ್ರಿ" ಅಂತ ಕೇಳುತ್ತೇನೆ.

ನನ್ನದು ಮಾರುತಿ ಸುಜುಕಿಯ ಡೀಸೆಲ್ ಡಿಸೈರ್ ಕಾರು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಬಾಡಿಗೆಗೆ ಓಡಿಸುತ್ತೇನೆ. ಒಂದಿನ ಗದಗ, ಒಂದಿನ ಹಾವೇರಿ, ಸೀಸನ್ನಿನಲ್ಲಿ ಗೋವಾ, ಕಾರವಾರ. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿದರು. ಹಾಗಾಗಿ ಇರುವ ಗಾಡಿಯನ್ನೇ ಜತನ ಮಾಡಬೇಕು. ಪಾರ್ಟ್ಸ್ ಖರ್ಚು ನೇರ ನನ್ನ ದುಡಿಮೆಯಿಂದ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಮಂದಿಯ ಹೆಂಡರು ಮಕ್ಕಳು ಕೂತಿರುತ್ತಾರೆ ಅನ್ನುವುದೂ ತಲೆಯಲ್ಲಿರುತ್ತದೆ.

ಕಾರಿನ ಬಹಳಷ್ಟು ಪಾರ್ಟ್ಸನ್ನು ಕಾರ್ ಕಂಪನಿ ಮಾಡುವುದೇ ಇಲ್ಲ ಅನ್ನುವುದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಶಾಕಪ್ಪಿಗೆ (ಶಾಕ್ ಅಬ್ಸಾರ್ಬರ್) ಗೇಬ್ರಿಯಲ್, ಸ್ಟೀರಿಂಗ್ ಭಾಗಗಳಿಗೆ ರಾಣೆ, ಕ್ಲಚ್ಚಿಗೆ ಲೂಕ್, ವ್ಯಾಲಿಯೋ, ಎಸಿಗೆ ಸುಬ್ರೋಸ್, ಲೈಟಿಗೆ ಲ್ಯೂಮ್ಯಾಕ್ಸ್, ಹೀಗೆ ಬೇರೆ ಬೇರೆಯವರು ಮಾಡಿ ಕಾರ್ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಅದೇ ತಯಾರಕರ ಮಾಲು ಕಾರ್ ಕಂಪನಿಯ ಡಬ್ಬಿಯಲ್ಲೂ ಬರುತ್ತದೆ, ತಯಾರಕರ ಸ್ವಂತ ಡಬ್ಬಿಯಲ್ಲೂ ಬರುತ್ತದೆ, ಎರಡನೆಯದು ಸಾಮಾನ್ಯವಾಗಿ ಅಗ್ಗ. ನಾನು ಹೆಚ್ಚಾಗಿ ಕೊಳ್ಳುವುದು ಈ ಎರಡನೆಯದನ್ನೇ. ಮೂರನೆಯದು ಹೆಸರೇ ಕೇಳದ ಡಬ್ಬಿ. ನಾಲ್ಕನೆಯದು ಕಂಪನಿ ಡಬ್ಬಿಯ ವೇಷ ಹಾಕಿದ ಡುಪ್ಲಿಕೇಟ್. ನಿಜವಾಗಿ ಹೆದರಬೇಕಾದ್ದು ಇದಕ್ಕೆ, ಯಾಕೆಂದರೆ ಒರಿಜಿನಲ್ ರೊಕ್ಕ ಕೊಟ್ಟು ಕಳಪೆ ಮಾಲು ಮನೆಗೆ ತರುತ್ತೇವೆ.

ಕಂಪನಿ ಪಾರ್ಟ್ಸು ಹೊರಗಿನ ಅಂಗಡಿಯಲ್ಲಿ ಸಿಗಬೇಕು ಅನ್ನುವುದಕ್ಕೂ ದೊಡ್ಡ ಜಗಳವೇ ನಡೆದಿದೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡುತ್ತಿಲ್ಲ ಅಂತ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಅನ್ನುವ ಸಾರಾಸಗಟು ಶರತ್ತು ಹಾಕಬಾರದು ಅಂತಲೂ ಹೇಳಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು. ಆದರೂ ಗ್ರಾಹಕನಿಗೆ ಆಯ್ಕೆ ಇರಬೇಕು ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು ಅಂತ ನನ್ನ ನಂಬಿಕೆ.

ಅಂಗಡಿಗೆ ನಾನು ಬಿಚ್ಚಿದ ಹಳೆ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತೇನೆ. ಗ್ರೀಸ್ ಒರೆಸಿ ನೋಡಿದರೆ ಎಲ್ಲಾದರೊಂದು ಕಡೆ ತಯಾರಕರ ಗುರುತು ಸಿಗುತ್ತದೆ. ಕಾರ್ಖಾನೆಯಿಂದ ಬಂದಾಗಿನ ಪಾರ್ಟೇ ಆಗಿದ್ದರೆ, ಯಾರ ಮಾಲು ಕೇಳಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ. ಇನ್ನೊಂದು ಪಾರ್ಟ್ ನಂಬರ್. ಸುಜುಕಿಯವರ ಲೆಕ್ಕದಲ್ಲಿ ಮೊದಲ ಐದು ಅಂಕಿ ಅದು ಯಾವ ಭಾಗ ಅಂತ ಹೇಳುತ್ತವೆ: 16510 ಆಯಿಲ್ ಫಿಲ್ಟರ್, 13780 ಏರ್ ಫಿಲ್ಟರ್, 55810 ಮುಂದಿನ ಬ್ರೇಕ್ ಪ್ಯಾಡ್. ಮುಂದಿನ ಅಕ್ಷರ, ಅಂಕಿಗಳು ಯಾವ ಮಾಡಲ್ಲಿಗೆ ಅನ್ನುವುದನ್ನು ತಿಳಿಸುತ್ತವೆ. "ಡಿಸೈರ್ ಪ್ಯಾಡ್ ಕೊಡ್ರಿ" ಅಂದರೆ ಕೈಗೆ ಸಿಕ್ಕಿದ್ದು ಬರುತ್ತದೆ, ನಂಬರ್ ಹೇಳಿದರೆ ಬೇಕಾದ್ದು ಬರುತ್ತದೆ.

ಬ್ರೇಕಿನ ವಿಷಯದಲ್ಲಿ ನನ್ನದು ಹಠ. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುವಾಗ ಮುಂದೆ ಅದಿರಿನದೋ ಕಟ್ಟಿಗೆಯದೋ ಲಾರಿ, ಹಿಂದೆ ಬಸ್ಸು, ಗೇರ್ ಇಳಿಸಿದರೂ ಕಾಲು ಬ್ರೇಕಿನ ಮೇಲೆ ಇರಲೇಬೇಕು. ಪ್ಯಾಡು ಕಾದಾಗ ಹಿಡಿತ ಬಿಡುತ್ತದೋ ಇಲ್ಲವೋ ಅನ್ನುವುದು ಆಗ ತಿಳಿಯುತ್ತದೆ, ಊರೊಳಗೆ ವಿದ್ಯಾನಗರದಿಂದ ಕೇಶ್ವಾಪುರಕ್ಕೆ ಹೋಗುವಾಗ ತಿಳಿಯುವುದಿಲ್ಲ. ಕೆಲವು ಪ್ಯಾಡುಗಳ ಅಂಚಿನಲ್ಲಿ ಉದ್ದನೆಯ ನಂಬರಿನ ಜೊತೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ: ಇಇ, ಎಫ್‌ಎಫ್, ಜಿಜಿ. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಎಷ್ಟು ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಅನ್ನುವುದು. ಇ ಅಂದರೆ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ಅದನ್ನು ನಾನು ಮುಟ್ಟುವುದಿಲ್ಲ. ತಯಾರಕರ ಸ್ವಂತ ಡಬ್ಬಿಯ ಪ್ಯಾಡಿನಲ್ಲಿ ಹಿಡಿತ ಕೊಡುವ ಮಸಾಲೆ ಕಾರಿನ ಜೊತೆ ಬಂದ ಪ್ಯಾಡಿನದೇ ಇರಬೇಕೆಂದೂ ಇಲ್ಲ. ಹಾಗಾಗಿ ಮುಂದಿನ ಪ್ಯಾಡು, ಹಿಂದಿನ ಬ್ರೇಕಿನ ಲೈನರ್ ಎರಡನ್ನೂ ಕಂಪನಿ ಡಬ್ಬಿಯಲ್ಲೇ ತರುತ್ತೇನೆ. ನಮ್ಮ ಮಿಸ್ತ್ರಿಯೂ ಅದನ್ನೇ ಹೇಳುತ್ತಾನೆ: "ಅಣ್ಣಾರ, ಘಾಟ್ ಇಳಿಯೋ ಗಾಡಿಗೆ ಪ್ಯಾಡಿನ್ಯಾಗ ರೊಕ್ಕಾ ಉಳಸಾಕ ಹೋಗಬ್ಯಾಡ್ರಿ." ಡಿಸ್ಕ್ ಬದಲಿಸಬೇಕೋ ಬೇಡವೋ ಅನ್ನುವುದನ್ನು ಅಂದಾಜಿನಲ್ಲಿ ಬಿಡುವುದಿಲ್ಲ. ಕನಿಷ್ಠ ಎಷ್ಟು ದಪ್ಪ ಇರಬೇಕು ಅನ್ನುವುದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತದೆ, ಅಳೆದು ನೋಡಿದರೆ ಆಯಿತು.

ಏರ್ ಫಿಲ್ಟರ್ ನೋಡಲು ಸಣ್ಣದು, ಆದರೆ ನಮ್ಮ ಕಡೆ ಅದು ದೊಡ್ಡ ವಿಷಯ. ಬ್ಯಾಸಿಗಿಯಲ್ಲಿ ಅಣ್ಣಿಗೇರಿ, ನವಲಗುಂದ ಕಡೆ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗೆ ಏಳುತ್ತದೆ. ಈ ಗಾಡಿ ನನ್ನ ಕೈಗೆ ಬಂದಾಗ ಅದರಲ್ಲಿ ಹೆಸರಿಲ್ಲದ ಫಿಲ್ಟರ್ ಇತ್ತು. ಕಾಗದವೇನೋ ಚೆನ್ನಾಗೇ ಕಾಣುತ್ತಿತ್ತು. ಫಿಲ್ಟರ್ ತೆಗೆದು, ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಕಡೆಗೆ ಹೋಗುವ ಪೈಪಿನ ಒಳಗೆ ಬೆರಳು ಆಡಿಸಿದೆ. ಬೆರಳ ತುದಿಗೆ ಕಂದು ಧೂಳು ಮೆತ್ತಿತು. ಅದು ಸ್ವಚ್ಛ ಗಾಳಿ ಮಾತ್ರ ಹೋಗಬೇಕಾದ ಜಾಗ. ಫಿಲ್ಟರಿನ ಸುತ್ತಲಿನ ರಬ್ಬರ್ ಅಂಚು ಅದು ಕೂರುವ ಗೂಡಿನ ಮೂಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ, ಅಲ್ಲಿಂದ ಧೂಳು ಸೋಸದೆ ಒಳಗೆ ಹೋಗುತ್ತಿತ್ತು. ಅಂಥ ಧೂಳು ಟರ್ಬೋದ ರೆಕ್ಕೆ, ಪಿಸ್ಟನ್ ರಿಂಗ್ ಎಲ್ಲವನ್ನೂ ತೇಯುತ್ತದೆ. ಈಗ ಫಿಲ್ಟರ್ ಕೊಳ್ಳುವಾಗ ಬೆಲೆ ಕೇಳುವ ಮೊದಲು ಅಂಚನ್ನು ಒತ್ತಿ ನೋಡುತ್ತೇನೆ. ಮೆತ್ತಗಿದ್ದು ಒತ್ತಿದ ಮೇಲೆ ಮತ್ತೆ ಮೇಲೇಳಬೇಕು. ಮಡಿಕೆಗಳು ಸಮನಾಗಿರಬೇಕು. ಹಾಕಿದ ಮೇಲೆ ಕೆಲವು ವಾರ ಬಿಟ್ಟು ಪೈಪಿನಲ್ಲಿ ಮತ್ತೆ ಬೆರಳು ಆಡಿಸಿ ನೋಡುತ್ತೇನೆ. ಹೆಸರುವಾಸಿ ತಯಾರಕರ ಹೊರಗಿನ ಫಿಲ್ಟರು ಇಷ್ಟರಲ್ಲಿ ಪಾಸಾದರೆ ನನಗೆ ಸಾಕು, ಕಂಪನಿ ಡಬ್ಬಿಯೇ ಬೇಕೆಂದಿಲ್ಲ.

ಕ್ಲಚ್ಚಿಗೆ ನನ್ನ ಲೆಕ್ಕವೇ ಬೇರೆ. ಪ್ಲೇಟು ಅಗ್ಗದ್ದಿರಲಿ, ದುಬಾರಿಯದಿರಲಿ, ಗೇರ್‌ಬಾಕ್ಸ್ ಇಳಿಸುವ ಮಜೂರಿ ಒಂದೇ. ಪ್ಲೇಟು ಬೇಗ ಸವೆದರೆ ಆ ಮಜೂರಿ ಮತ್ತೆ ಕೊಡಬೇಕು, ಗಾಡಿ ನಿಂತಷ್ಟು ದಿನ ಬಾಡಿಗೆಯೂ ಇಲ್ಲ. ಅದಕ್ಕೆ ಬಿಚ್ಚಲು ಕಷ್ಟವಾದ ಜಾಗದ ಪಾರ್ಟಿಗೆ ಒಳ್ಳೆಯದನ್ನೇ ಹಾಕಿಸುತ್ತೇನೆ. ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಸೆಟ್ಟಾಗಿ, ಮೊದಲಿದ್ದ ತಯಾರಕರದೇ ತರುತ್ತೇನೆ. ಬೇರಿಂಗ್ ಇನ್ನೂ ಚಲೋ ಐತಿ ಅಂತ ಹಳೆಯದನ್ನೇ ಕೂಡಿಸುವುದು ಉಳಿತಾಯವಲ್ಲ. ಲೋವರ್ ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಬಿಚ್ಚುವುದು ಸುಲಭ, ಆದರೆ ಅವು ಕಳಚಿದರೆ ಚಕ್ರವೇ ಮಾತು ಕೇಳುವುದಿಲ್ಲ. ಅಲ್ಲಿಯೂ ಹೆಸರಿಲ್ಲದ್ದು ಬೇಡ.

ಬಂಪರ್, ಕನ್ನಡಿ, ಮಡ್‌ಗಾರ್ಡ್ ಲೈನರ್, ಡೋರ್ ಹ್ಯಾಂಡಲ್ ಇವಕ್ಕೆ ನಾನು ಲೋಕಲ್ ಮಾಲೇ ಹಾಕುತ್ತೇನೆ. ಸಂದು ಸ್ವಲ್ಪ ಹೆಚ್ಚು ಕಾಣಬಹುದು, ಅದರಿಂದ ಯಾರಿಗೂ ಅಪಾಯವಿಲ್ಲ. ಇನ್ಶೂರೆನ್ಸ್ ಕ್ಲೇಮ್ ಮಾಡುವುದಿದ್ದರೆ ಮಾತ್ರ ಮೊದಲೇ ಕೂತು ಲೆಕ್ಕ ಹಾಕಿ: ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50 ಪ್ರತಿಶತ ಸವಕಳಿ ಹಿಡಿಯುತ್ತಾರೆ, ಅಂದರೆ ಅರ್ಧ ಬೆಲೆ ನಮ್ಮ ತಲೆಗೇ ಬರುತ್ತದೆ, ಗಾಜಿಗೆ ಹಿಡಿಯುವುದಿಲ್ಲ. ಹೆಡ್‌ಲೈಟ್ ಈ ಗುಂಪಿಗೆ ಸೇರುವುದಿಲ್ಲ. ಅಗ್ಗದ ಲೈಟಿನ ಒಳಗಿನ ಕನ್ನಡಿ ಸರಿಯಿರದೆ ಬೆಳಕು ಚದುರುತ್ತದೆ. ರಾತ್ರಿ ಗದಗ ರಸ್ತೆಯಲ್ಲಿ ನಮಗೂ ಸರಿಯಾಗಿ ಕಾಣುವುದಿಲ್ಲ, ಎದುರು ಬರುವವನ ಕಣ್ಣಿಗೂ ಹೊಡೆಯುತ್ತದೆ. ಸೆನ್ಸರ್ ಯಾವುದೇ ಇರಲಿ, ಕಂಪನಿಯದೇ. ಸೆಲ್ಫ್ ಮೋಟಾರ್, ಡೈನಮೋ ಕೆಟ್ಟರೆ ಹೊಸದು ತರುವ ಮೊದಲು ಹಳೆ ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ನೋಡುತ್ತೇನೆ. ಬಹಳ ಸಲ ಕಾರ್ಬನ್ ಬ್ರಷ್ ಬದಲಿಸಿದರೆ ಮುಗಿಯುತ್ತದೆ.

ಹೊಸ ಕಾರು, ವಾರಂಟಿ ಇದೆ ಅನ್ನುವವರಿಗೆ ಇಷ್ಟು ತಲೆಬಿಸಿ ಬೇಡ. ವಾರಂಟಿ ಮುಗಿಯುವವರೆಗೆ ಶೋರೂಮಿನಲ್ಲೇ ಮಾಡಿಸಿ, ಬಿಲ್ ಜೋಪಾನ ಮಾಡಿ.

ಡುಪ್ಲಿಕೇಟ್ ಮಾಲಿನಿಂದ ತಪ್ಪಿಸಿಕೊಳ್ಳಲು ನನಗೆ ಗೊತ್ತಿರುವ ಗಟ್ಟಿ ದಾರಿ ಪಕ್ಕಾ ಬಿಲ್. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ 18 ಪ್ರತಿಶತ ಜಿಎಸ್‌ಟಿ. ಮೊದಲು ಬಹಳಷ್ಟಕ್ಕೆ 28 ಇತ್ತು. "ಬಿಲ್ ಇಲ್ಲದ ಇನ್ನೂ ಕಡಿಮಿ ಮಾಡ್ತೀನ್ರಿ" ಅಂದರೆ ಆ ಅಂಗಡಿಯಿಂದ ಬ್ರೇಕಿನದೋ ಸ್ಟೀರಿಂಗಿನದೋ ಪಾರ್ಟ್ ತರುವುದಿಲ್ಲ. ಕಂಪನಿ ಡಬ್ಬಿ ಎಂಆರ್‌ಪಿಗಿಂತ ತೀರಾ ಕೆಳಗೆ ಬಂದರೂ ಅನುಮಾನ. ಡಬ್ಬಿಯ ಮೇಲಿನ ನಂಬರೂ ಒಳಗಿನ ಪಾರ್ಟಿನ ಮೇಲಿನ ನಂಬರೂ ಒಂದೇ ಇದೆಯೋ ಅಂತ ಕೌಂಟರಿನಲ್ಲೇ ಬಿಚ್ಚಿ ನೋಡುತ್ತೇನೆ. ಹಾಕಿಸಿದ ಮೇಲೆ ಲೇಬಲ್ಲಿನ ಫೋಟೋ ತೆಗೆದು, ತಾರೀಖು ಮತ್ತು ಮೀಟರ್ ರೀಡಿಂಗ್ ಜೊತೆ ಡೈರಿಯಲ್ಲಿ ಬರೆದಿಡುತ್ತೇನೆ. ಮುಂದಿನ ಸಲ ಅಂಗಡಿಯವನಿಗೆ ಆ ಪುಟ ತೋರಿಸಿದರೆ ಸಾಕು.