ಟಪ್ ಅನ್ನೋ ಸದ್ದಿಗೆ ಮೂರು ಭಾನುವಾರ

ಮೊದಲ ಭಾನುವಾರ ಬೆಳಿಗ್ಗೆ ಪಂಪನ್ನು ಎಷ್ಟು ಸಲ ಒತ್ತಿದೆನೋ ಲೆಕ್ಕವೇ ಇಲ್ಲ. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ಇಣುಕಿ, "ಏನಪ್ಪಾ, ಪಂಪ್ ಸ್ಟೋವ್ ಹಚ್ಚಾಕ ಹತ್ತೀಯೇನು?" ಅಂತ ಕೇಳಿದರು. ಸ್ಟೋವ್ ಆಗಿದ್ದರೆ ಅಷ್ಟು ಹೊತ್ತಿಗೆ ಅನ್ನ ಬೆಂದಿರುತ್ತಿತ್ತು. ನನ್ನ ಸೈಕಲ್ಲಿನ ಹೊಸ ಟ್ಯೂಬ್‌ಲೆಸ್ ಟೈರ್ ಮಾತ್ರ ರಿಮ್ ಮೇಲೆ ಜೋಲು ಮುಖ ಹಾಕಿಕೊಂಡು ಕೂತಿತ್ತು. ನಾನು ಒಳಗೆ ತಳ್ಳಿದ ಗಾಳಿಯೆಲ್ಲ ಅಂಚಿನ ಸಂದಿಯಿಂದ ಉಸ್ಸೆಂದು ಹೊರಗೆ ಹೋಗುತ್ತಿತ್ತು.

ಟ್ಯೂಬ್‌ಲೆಸ್ ಚಟ ನನಗೆ ಹತ್ತಿದ್ದು ಮುಳ್ಳಿನಿಂದ. ನಮ್ಮದು ಹೊಸಪೇಟೆ. ನಾನು ಸೈಕಲ್ ಹೊಡೆಯುವುದು ಹೆಚ್ಚಾಗಿ ಕಾಲುವೆ ಪಕ್ಕದ ಮಣ್ಣಿನ ದಾರಿಯಲ್ಲಿ. ಎರಡೂ ಕಡೆ ಬಳ್ಳಾರಿ ಜಾಲಿ. ಹೆಸರಿಗೆ ನಮ್ಮೂರ ಗಿಡ, ಹುಟ್ಟಿದ್ದು ಮಾತ್ರ ಮೆಕ್ಸಿಕೋ, ದಕ್ಷಿಣ ಅಮೆರಿಕದ ಕಡೆ. ಅದು ಸಾಲದು ಎಂಬಂತೆ ನೆಲದಲ್ಲಿ ನೆಗ್ಗಿಲು. ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ಮುಖ ಮಾಡಿಯೇ ಇರುತ್ತದೆ. ಕಳೆದ ಬೇಸಿಗೆಯಲ್ಲಿ ಒಂದೇ ಸವಾರಿಯಲ್ಲಿ ಮೂರು ಪಂಕ್ಚರ್ ಆಗಿ, ಕೊನೆಯ ಆರು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ಬಂದ ದಿನವೇ ಟ್ಯೂಬಿಗೆ ಕೈಮುಗಿದೆ.

ಟ್ಯೂಬ್‌ಲೆಸ್‌ನಲ್ಲಿ ಟೈರೂ ರಿಮ್ಮೂ ಸೇರಿಯೇ ಗಾಳಿ ಹಿಡಿಯಬೇಕು. ಒಳಗೆ ಒಂದಿಷ್ಟು ಸೀಲೆಂಟ್, ಅಂದರೆ ಹಾಲಿನಂಥ ರಬ್ಬರ್ ದ್ರವ, ಓಡಾಡಿಕೊಂಡಿರುತ್ತದೆ. ಮುಳ್ಳು ಚುಚ್ಚಿದರೆ ಆ ತೂತಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟುತ್ತದೆ. ಕೇಳಲು ಸುಲಭ. ಬೈಕು, ಕಾರಿಗೆ ಇದು ಎಂದೋ ಬಂದಿದೆಯಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಸೈಕಲ್ ಟೈರ್ ತೆಳು, ಮಡಚಿ ಡಬ್ಬಿಯಲ್ಲಿ ಇಟ್ಟು ಮಾರುವಂಥದ್ದು. ತಾನಾಗಿ ರಿಮ್ಮಿಗೆ ಅಪ್ಪಿಕೊಂಡು ನಿಲ್ಲುವ ಗಡಸು ಅದಕ್ಕಿಲ್ಲ.

ನನ್ನ ಟೈರ್ 700×40, ಅಂದರೆ 40 ಮಿ.ಮೀ. ದಪ್ಪದ್ದು, ಮೈಮೇಲೆ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿರುವುದು. ರಿಮ್ಮಿನ ಒಳಗಲ  23 ಮಿ.ಮೀ. ಸಾಮಾನ್ಯ ಟ್ಯೂಬ್ ಟೈರನ್ನೇ ಹೀಗೆ ಮಾಡಿಕೊಳ್ಳೋಣ ಅನ್ನುವವರಿದ್ದಾರೆ. ಬೇಡ. ಅದರ ಅಂಚು ಒತ್ತಡಕ್ಕೆ ಹಿಗ್ಗಿ ಓಡುವಾಗಲೇ ಕಳಚಿಕೊಂಡೀತು.

ರಿಮ್ಮಿನ ಒಳಗೆ ಒಮ್ಮೆ ಬೆರಳಾಡಿಸಿ ನೋಡಿ. ನಡುವೆ ತಗ್ಗು, ಅದರ ಎರಡೂ ಬದಿಗೆ ಸಮತಟ್ಟಾದ ಏರಿ. ಥೇಟ್ ನಮ್ಮ ಕಾಲುವೆ ಮತ್ತು ಅದರ ದಂಡೆ. ಟೈರಿನ ಅಂಚನ್ನು ಬೀಡ್ ಅನ್ನುತ್ತಾರೆ. ಟೈರ್ ಹಾಕಿದಾಗ ಬೀಡ್ ಕಾಲುವೆಯಲ್ಲಿ ಬಿದ್ದಿರುತ್ತದೆ. ಗಾಳಿ ಅದನ್ನು ಒತ್ತಿ ದಂಡೆ ಹತ್ತಿಸಬೇಕು. ಹತ್ತುವಾಗಲೇ ಟಪ್ ಅನ್ನುವುದು. ಎಷ್ಟೋ ರಿಮ್‌ಗಳಲ್ಲಿ ದಂಡೆಯ ಒಳ ಅಂಚಿಗೆ ಒಂದು ಸಣ್ಣ ಉಬ್ಬು ಇರುತ್ತದೆ. ಹತ್ತಿದ ಬೀಡ್ ಮತ್ತೆ ಜಾರದಂತೆ ಅದು ತಡೆಯುತ್ತದೆ.

ಈಗ ನನ್ನ ಸ್ಟೋವಿನ ಲೆಕ್ಕ. 40 ಮಿ.ಮೀ. ಟೈರಿನೊಳಗೆ ಸುಮಾರು ಎರಡೂವರೆ ಲೀಟರ್ ಜಾಗ. ನನ್ನ ಪಂಪ್ ಒಂದು ಒತ್ತಿಗೆ ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ ಗಾಳಿ ತಳ್ಳುತ್ತದೆ. ಒಂದಿಷ್ಟೂ ಸೋರದಿದ್ದರೂ ಬರೀ ಹೊಟ್ಟೆ ತುಂಬಲಿಕ್ಕೆ ಐದಾರು ಒತ್ತು ಬೇಕು. ಇಲ್ಲೋ ಸುತ್ತಲೂ ಸಂದಿ. ತೂತು ಕೊಡಕ್ಕೆ ಚೊಂಬಲ್ಲಿ ನೀರು ಹೊಯ್ದಂತೆ. ಗೇಜಿನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಅಂದರೆ ಇಲ್ಲಿ ಪಂಪ್ 160 ಪಿಎಸ್‌ಐ ಒತ್ತಡ ಕೊಡುತ್ತದೋ ಇಲ್ಲವೋ ಅನ್ನುವುದಲ್ಲ ಪ್ರಶ್ನೆ. ಸೋರುವುದಕ್ಕಿಂತ ಬೇಗ ತುಂಬುತ್ತದೋ ಇಲ್ಲವೋ, ಅಷ್ಟೇ. ಕಾರಿನ 12 ವೋಲ್ಟ್ ಇನ್‌ಫ್ಲೇಟರ್ ಹಾಕಿ ನೋಡಿದೆ. ಸದ್ದು ಮಾತ್ರ ಭರ್ಜರಿ, ಗಾಳಿ ಬರುವುದು ನಿಧಾನ.

ಎರಡನೇ ಭಾನುವಾರ ಚಕ್ರವನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಪ್ರೆಸ್ಟಾ ಅನ್ನುವ ಸೈಕಲ್ಲಿನ ಸಪೂರ ವಾಲ್ವ್ ನೋಡಿ ಅಂಗಡಿಯಣ್ಣ ನಕ್ಕ. ನಾನು ಒಯ್ದಿದ್ದ ಹಿತ್ತಾಳೆ ಅಡಾಪ್ಟರ್ ಹಾಕಿ ಗಾಳಿ ಬಿಟ್ಟ. ಊಹೂಂ.

"ಇದರ ಬಾಯಿ ಸಣ್ಣದೈತಿ ಸರ. ಒಳಗಿನ ಪಿನ್ ತಗೀರಿ."

ಒಂದು ವಾರ ನನಗೆ ಹೊಳೆಯದ ಮಾತು ಅದು. ಪ್ರೆಸ್ಟಾ ವಾಲ್ವಿನ ಮೊದಲೇ ಕಿರಿದಾದ ದಾರಿಯನ್ನು ಆ ಪಿನ್ ಇನ್ನಷ್ಟು ಕಿರಿದು ಮಾಡುತ್ತದೆ. ಅದರ ತಲೆಯ ಎರಡೂ ಬದಿ ಚಪ್ಪಟೆ, ಚಿಕ್ಕ ಪಾನಾ ಹಾಕಿ ತಿರುವಿದರೆ ಪೂರ್ತಿ ಕಳಚಿ ಬರುತ್ತದೆ. ಪಿನ್ ತೆಗೆದ ಮೇಲೆ ಅಡಾಪ್ಟರ್ ಕೂರುವುದಿಲ್ಲ. ಅಣ್ಣ ಧೂಳು ಹೊಡೆಯುವ ಗನ್ನಿನ ರಬ್ಬರ್ ಮೂತಿಯನ್ನು ವಾಲ್ವಿಗೆ ಒತ್ತಿ ಹಿಡಿದು, ಪುಸ್ ಪುಸ್ ಅಂತ ಬಿಟ್ಟು ಬಿಟ್ಟು ಗಾಳಿ ಕೊಟ್ಟ. ಟಿಕ್. ಟಿಕ್. ಟಪ್! ಟೈರ್ ಎದ್ದು ಕೂತಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ. (ಆ ಕಂಪ್ರೆಸರಿನ ಒತ್ತಡ ಸೈಕಲ್ ಟೈರ್ ತಡೆಯುವುದಕ್ಕಿಂತ ಬಹಳ ಹೆಚ್ಚು. ಪಳಗಿದ ಕೈ ಅಲ್ಲದಿದ್ದರೆ ಗನ್ ಮುಟ್ಟಬೇಡಿ.)

ಪಿನ್ ಹಾಕಿ ಮತ್ತೆ ಗಾಳಿ ತುಂಬಿಸಿದೆವು. ಹತ್ತು ನಿಮಿಷಕ್ಕೆ ಟೈರ್ ಮೆತ್ತಗಾಯಿತು. ಅಣ್ಣ ಏನೂ ಮಾತಾಡದೆ ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಅದ್ದಿದ. ಟೈರಿನ ಅಂಚಿನಿಂದ ಒಂದು ಗುಳ್ಳೆಯೂ ಬರಲಿಲ್ಲ. ಗುಳ್ಳೆ ಬಂದದ್ದು ಕಡ್ಡಿಗಳ ಬುಡದಿಂದ, ಒಂದು ಕಡ್ಡಿ ಬಿಟ್ಟು ಒಂದು ಕಡ್ಡಿಯಿಂದ, ಸಾಲಾಗಿ. ಕಡ್ಡಿಯ ತೂತು ಮುಚ್ಚಲೆಂದು ರಿಮ್ಮಿನ ಒಳಗೆ ಸುತ್ತಲೂ ಟೇಪ್ ಅಂಟಿಸಿರುತ್ತಾರೆ. ಗಾಳಿ ಆ ಟೇಪಿನ ಅಡಿಗೆ ನುಗ್ಗಿ ಕಡ್ಡಿಯ ತೂತಿನಿಂದ ಹೊರಬೀಳುತ್ತಿತ್ತು. "ಟೈರ್ ಚೆಂದ ಐತಿ ಸರ, ನಿಮ್ಮ ಪಟ್ಟೀನ ಸರಿ ಇಲ್ಲ" ಅಂದ. ಪಂಪು, ಟೈರು ಎರಡನ್ನೂ ವಾರವಿಡೀ ಬೈದಿದ್ದೆ. ಟೇಪ್ ಸುತ್ತಿದ್ದವನು ನಾನೇ.

ಮನೆಗೆ ಬಂದು ಬಿಚ್ಚಿ ನೋಡಿದರೆ ಟೇಪಿನ ಅಗಲ 21 ಮಿ.ಮೀ. ಅಂಗಡಿಯಲ್ಲಿ ಕೊಟ್ಟದ್ದನ್ನು ಅಳೆಯದೆ ತಂದಿದ್ದೆ. 23 ಮಿ.ಮೀ. ರಿಮ್ಮಿಗೆ ಅದು ನಡುವಿನ ಕಾಲುವೆ ಮುಚ್ಚುತ್ತದೆಯೇ ಹೊರತು ದಂಡೆ ಪೂರ್ತಿ ಮುಚ್ಚುವುದಿಲ್ಲ. ಬೀಡ್ ದಂಡೆ ಹತ್ತುವಾಗ ಟೇಪಿನ ಅಂಚನ್ನೇ ಕೆದರಿಬಿಟ್ಟಿತ್ತು. ಒಳಗಲಕ್ಕಿಂತ ಎರಡು ಮೂರು ಮಿ.ಮೀ. ಹೆಚ್ಚಿರಬೇಕು, ಆಗ ಟೇಪಿನ ಅಂಚು ಬೀಡಿನ ಅಡಿಯಲ್ಲಿ ಸಿಕ್ಕಿ ಭದ್ರವಾಗಿ ಕೂರುತ್ತದೆ. 25ರದ್ದು ತರಿಸಿದೆ.

ಈ ಸಲ ಅವಸರ ಮಾಡಲಿಲ್ಲ. ಹಳೆ ಅಂಟನ್ನೆಲ್ಲ ಸ್ಪಿರಿಟ್ಟಿನಲ್ಲಿ ಅದ್ದಿದ ಹಳೇ ಬನಿಯನ್ ಬಟ್ಟೆಯಿಂದ ಉಜ್ಜಿ ತೆಗೆದೆ. ಬೆರಳಿನ ಜಿಡ್ಡೂ ಉಳಿಯಬಾರದು. ಚಕ್ರವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು, ವಾಲ್ವ್ ತೂತಿಗಿಂತ ಒಂದು ಗೇಣು ಹಿಂದೆ ಶುರು ಮಾಡಿದೆ. ಟೇಪನ್ನು ಒಂದು ಕೈಯಲ್ಲಿ ಬಿಗಿಯಾಗಿ ಎಳೆಯುತ್ತಾ ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೊದಲು ನಡುವಿನ ತಗ್ಗಿಗೆ, ಆಮೇಲೆ ಎರಡೂ ಬದಿಗೆ ಒತ್ತುತ್ತಾ ಹೋದೆ. ಸಡಿಲ ಬಿಟ್ಟರೆ ತಗ್ಗಿನ ಮೇಲೆ ಡೋಲಿನ ಚರ್ಮದಂತೆ ನಿಂತುಬಿಡುತ್ತದೆ, ಅಡಿಯಲ್ಲಿ ಗಾಳಿ. ಒಂದು ಸುತ್ತು ಸಾಕು ಅನ್ನುತ್ತಾರೆ. ನಾನು ಎರಡು ಸುತ್ತಿದೆ. ಎರಡನೇ ಸುತ್ತಿನಿಂದ ಕಾಲುವೆಯ ಆಳ ಒಂದಿಷ್ಟು ಕಡಿಮೆಯಾಗುತ್ತದೆ, ಟೈರ್ ಬಿಗಿಯಾಗಿ ಕೂರುತ್ತದೆ, ಸಂದಿ ಚಿಕ್ಕದಾಗುತ್ತದೆ. ಗಾಳಿ ಹೆಚ್ಚು ಮಾಡಲು ಹೆಣಗುವ ಬದಲು ಸಂದಿ ಕಡಿಮೆ ಮಾಡುವುದು ಎಷ್ಟೋ ಅಗ್ಗ. ಇದು ಗೊತ್ತಿದ್ದರೆ ಮೊದಲ ಭಾನುವಾರವೇ ಮುಗಿದಿರುತ್ತಿತ್ತು.

ವಾಲ್ವಿನ ತೂತನ್ನು ಬ್ಲೇಡಿನಿಂದ ಕೊಯ್ಯಬಾರದು, ಕೊಯ್ದ ತುದಿಯಿಂದ ಟೇಪ್ ಹರಿಯುತ್ತಾ ಹೋಗುತ್ತದೆ. ಗ್ಯಾಸ್ ಒಲೆಯಲ್ಲಿ ದಬ್ಬಣ ಕಾಯಿಸಿ ಚುಚ್ಚಿದೆ. ಸುಟ್ಟ ಅಂಚು ದುಂಡಗೆ ಕರಗಿ ಗಟ್ಟಿಯಾಯಿತು. ಗೋಣಿಚೀಲ ಹೊಲಿಯುವ ದಬ್ಬಣ ಯಾಕೆ ಕಪ್ಪಾಗಿದೆ ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ.

ಆಮೇಲೆ ಟೈರಿನೊಳಗೆ ಮಾಮೂಲಿ ಟ್ಯೂಬ್ ಹಾಕಿ 40 ಪಿಎಸ್‌ಐ ತುಂಬಿ ರಾತ್ರಿಯಿಡೀ ಬಿಟ್ಟೆ. ಇದರಿಂದ ಟೇಪ್ ಒತ್ತಿ ಕೂರುತ್ತದೆ, ಡಬ್ಬಿಯಲ್ಲಿ ಮಡಚಿ ಸೊಟ್ಟಗಾಗಿದ್ದ ಟೈರ್ ದುಂಡಗಾಗುತ್ತದೆ, ಎರಡೂ ಬೀಡ್ ದಂಡೆ ಹತ್ತಿರುತ್ತವೆ. ಬೆಳಿಗ್ಗೆ ಒಂದೇ ಬದಿಯನ್ನು ಇಳಿಸಿ ಟ್ಯೂಬ್ ಎಳೆದು ತೆಗೆದೆ. ಇನ್ನೊಂದು ಬದಿ ದಂಡೆಯ ಮೇಲೆ ಹಾಗೇ ಇರಲಿ, ಅರ್ಧ ಕೆಲಸ ಮುಗಿದಂತೆ. ಟ್ಯೂಬ್‌ಲೆಸ್ ವಾಲ್ವ್ ಹಾಕಿ ಅದರ ನಟ್ಟನ್ನು ಬೆರಳಲ್ಲೇ ಬಿಗಿ ಮಾಡಿದೆ. ಇಕ್ಕಳ ಬೇಡ, ದಾರಿಯಲ್ಲಿ ಟ್ಯೂಬ್ ಹಾಕುವ ಪ್ರಸಂಗ ಬಂದರೆ ಅದನ್ನು ಬರಿಗೈಯಲ್ಲಿ ಬಿಚ್ಚಬೇಕು. ಟೈರ್ ಏರಿಸುವುದನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿದೆ. ಬೀಡ್ ವಾಲ್ವಿನ ಬುಡದ ರಬ್ಬರ್ ಮೇಲೆ ಹತ್ತಿ ಕೂರದೆ ಅದರ ಪಕ್ಕಕ್ಕೆ ಇಳಿದಿದೆಯಾ ಅಂತ ಹೆಬ್ಬೆರಳಿನಿಂದ ಒತ್ತಿ ನೋಡಿಕೊಂಡೆ.

ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರಿಗೆ ಹಾಕಿ ಅಂಚಿನ ಸುತ್ತ ಬ್ರಷ್‌ನಿಂದ ಬಳಿದೆ. ಚಕ್ರವನ್ನು ಬಟ್ಟೆ ಒಣಹಾಕುವ ಗಳಕ್ಕೆ ನೇತುಹಾಕಿದೆ. ನೆಲಕ್ಕೆ ಒರಗಿಸಿದರೆ ಚಕ್ರದ ಭಾರಕ್ಕೇ ಟೈರ್ ಒಂದು ಕಡೆ ಒತ್ತಿಕೊಂಡು ಸಂದಿ ಬಿಡುತ್ತದೆ. ಪಿನ್ ತೆಗೆದು ಪಂಪಿನ ಮೂತಿಯನ್ನು ನೇರ ವಾಲ್ವಿಗೆ ಸಿಕ್ಕಿಸಿದೆ. ಉಸಿರು ಬಿಗಿಹಿಡಿದು ಜೋರಾಗಿ ಒತ್ತಿದೆ. ಐದಾಯಿತು, ಆರಾಯಿತು, ಸೋಪಿನ ನೊರೆ ಅಂಚಿನಲ್ಲಿ ಬುಸುಗುಟ್ಟಿತು. ಏಳನೆಯದಕ್ಕೆ ಪಂಪಿನ ಹಿಡಿ ಇದ್ದಕ್ಕಿದ್ದಂತೆ ಭಾರವಾಯಿತು. ಗಾಳಿ ನಿಂತಿತು ಅಂತ ಕೈಗೆ ಗೊತ್ತಾಗುವ ಆ ಭಾರ! ಟಿಕ್, ಟಿಕ್, ಟಪ್. ಅದೇ ಪಂಪು, ಮೊದಲ ಭಾನುವಾರದ್ದೇ.

ಟೈರಿನ ಪಕ್ಕೆಯಲ್ಲಿ ರಿಮ್ಮಿಗೆ ಸಮಾನಾಂತರವಾಗಿ ಒಂದು ತೆಳು ಗೆರೆ ಇರುತ್ತದೆ. ಅದು ಸುತ್ತಲೂ ಒಂದೇ ಎತ್ತರದಲ್ಲಿ ಕಂಡರೆ ಬೀಡ್ ಪೂರ್ತಿ ಕೂತಿದೆ. ಎಲ್ಲಾದರೂ ರಿಮ್ಮಿನೊಳಗೆ ಮುಳುಗಿದ್ದರೆ ಗಾಳಿ ಇಳಿಸಿ ಅಲ್ಲಿಗೆ ಮತ್ತೆ ಸೋಪು. ಟೈರ್ ಮೇಲೊಂದು, ರಿಮ್ ಮೇಲೊಂದು ಗರಿಷ್ಠ ಒತ್ತಡ ಬರೆದಿರುತ್ತಾರೆ, ಯಾವುದು ಕಡಿಮೆಯೋ ಅದನ್ನು ದಾಟಬಾರದು. ಬೀಡ್ ಹಿಡಿಯುವ ಕೊಕ್ಕೆಯಿಲ್ಲದ ನೇರ ಗೋಡೆಯ ರಿಮ್ ಆದರೆ ಇನ್ನೂ ಹುಷಾರು, ರೋಡ್ ಸೈಕಲ್‌ಗಳಲ್ಲಿ ಅದಕ್ಕೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮಿತಿ.

ಹಿಂದಿನ ಚಕ್ರಕ್ಕೆ ಇದನ್ನೆಲ್ಲ ಮರೆತೆ. ಮುಂದಿನದು ಕೂತ ಹುಮ್ಮಸ್ಸಿನಲ್ಲಿ ಮೊದಲೇ ಸೀಲೆಂಟ್ ಸುರಿದುಕೊಂಡು ಪಂಪ್ ಮಾಡಿದೆ. ಒಂದು ಕಡೆ ಟೈರ್ ರಿಮ್ಮಿನಿಂದ ಮೇಲೆದ್ದು ಉಬ್ಬಿದ್ದು ಕಣ್ಣಿಗೆ ಬಿದ್ದರೂ, ಇನ್ನೆರಡು ಒತ್ತು ಕೊಟ್ಟರೆ ಕೂತೀತು ಅಂತ ಮುಂದುವರಿಸಿದೆ. ಢಮಾರ್! ಕಿವಿ ಗುಂಯ್ ಅಂದಿತು. ನನ್ನ ಕನ್ನಡಕ, ಗೋಡೆ, ಒಣಗಲು ಹಾಕಿದ್ದ ಶಾಬಕ್ಕಿ ಸಂಡಿಗೆ, ಎಲ್ಲದರ ಮೇಲೂ ಬಿಳಿ ಹನಿ, ಮೂಗಿಗೆ ಅಮೋನಿಯಾದ ಘಾಟು. ಕನ್ನಡಕ ಇಲ್ಲದಿದ್ದರೆ ಕಣ್ಣಿಗೇ ಹೋಗುತ್ತಿತ್ತು. ಸಂಡಿಗೆಯ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಈಗ ಮೊದಲು ಒಣ ಟೈರನ್ನೇ ಕೂರಿಸುತ್ತೇನೆ. ಪಂಪ್ ಕಿತ್ತಾಗ ಗಾಳಿ ಪೂರ್ತಿ ಹೋದರೂ ಬೀಡ್ ದಂಡೆ ಬಿಟ್ಟು ಇಳಿಯುವುದಿಲ್ಲ. ಆಗ ಬಾಟಲಿ ಚೆನ್ನಾಗಿ ಕುಲುಕಿ, ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿನಿಂದ ವಾಲ್ವಿನ ಮೂಲಕ 60 ಮಿ.ಲೀ. ಸೀಲೆಂಟ್ ಬಿಟ್ಟು, ಪಿನ್ ಹಾಕಿ ಗಾಳಿ ತುಂಬಿಸುತ್ತೇನೆ. ಚಕ್ರವನ್ನು ಬಕೆಟ್ ಮೇಲೆ ಅಡ್ಡ ಮಲಗಿಸಿ ಎರಡೂ ಮಗ್ಗುಲು ಹತ್ತು ಹತ್ತು ನಿಮಿಷ ಬಿಟ್ಟು, ಕೂಡಲೇ ಒಂದು ಸುತ್ತು ಹೊಡೆದು ಬರುತ್ತೇನೆ.

ಪೆಪ್ಸಿ ಬಾಟಲಿಗೆ ವಾಲ್ವ್ ಸಿಕ್ಕಿಸಿ ಗಾಳಿ ತುಂಬಿ ಒಮ್ಮೆಲೇ ಬಿಡುವ ಉಪಾಯವೂ ಇದೆ. ಮನೆಯಲ್ಲಿ ಬಾಂಬ್ ಇಟ್ಟುಕೊಳ್ಳುವ ಆಸೆ ನನಗಿಲ್ಲ. ಸಿಒಟು ಕಾರ್ಟ್ರಿಜ್, ಅಂದರೆ ಇಂಗಾಲದ ಡೈಆಕ್ಸೈಡ್ ತುಂಬಿದ ಪುಟ್ಟ ಡಬ್ಬಿ, ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಕೆಲವು ಸೀಲೆಂಟ್ ಅಲ್ಲೇ ಗಂಟು ಕಟ್ಟುತ್ತವೆ.

ನಮ್ಮೂರ ಬಿಸಿಲಿಗೆ ಸೀಲೆಂಟ್ ಬೇಗ ಆರುತ್ತದೆ. ಬಾಟಲಿ ಮೇಲೆ ಏನೇ ಬರೆದಿರಲಿ, ಏಪ್ರಿಲ್, ಮೇ ತಿಂಗಳಲ್ಲಿ ಆರು ವಾರಕ್ಕೊಮ್ಮೆ ಪಿನ್ ಬಿಚ್ಚಿ ಕಡ್ಡಿ ಇಳಿಬಿಟ್ಟು ನೋಡುತ್ತೇನೆ, ಎಣ್ಣೆ ಅಳೆಯುವಂತೆ. ಒದ್ದೆ ಕಾಣದಿದ್ದರೆ ಇನ್ನಷ್ಟು ಹಾಕುವುದು. ಪಿನ್ನಿನೊಳಗೇ ರಬ್ಬರ್ ಕಟ್ಟಿಕೊಂಡು ಗಾಳಿ ಹೋಗದಿದ್ದರೆ ಸೂಜಿಯಿಂದ ಕೆದಕಬೇಕು. ಬ್ಯಾಗಿನಲ್ಲಿ ಒಂದು ಟ್ಯೂಬ್, ದೊಡ್ಡ ತೂತಿಗೆ ತುರುಕುವ ರಬ್ಬರ್ ಪ್ಲಗ್ ಇದ್ದೇ ಇರುತ್ತವೆ. ಗಾಜು ಕೊಯ್ದ ಗಾಯಕ್ಕೆ ಬರೀ ಸೀಲೆಂಟ್ ಸಾಲದು.

ಹೋದ ವಾರ ಕಾಲುವೆ ದಾರಿಯಿಂದ ಬಂದು ಎರಡೂ ಟೈರ್ ತಿರುಗಿಸಿ ನೋಡಿದೆ. ಒಟ್ಟು ಒಂಬತ್ತು ಮುಳ್ಳು. ಎಂಟನ್ನು ಕಿತ್ತೆ. ಪ್ರತಿ ಸಲ ಚುಯ್ ಅಂತ ಸಣ್ಣ ಸದ್ದು, ಒಂದು ಬಿಳಿ ಹನಿ, ಚಕ್ರ ತಿರುಗಿಸಿ ತೂತನ್ನು ಕೆಳಗೆ ತಂದರೆ ಮೌನ. ಒಂಬತ್ತನೆಯದು ಬುಡಕ್ಕೇ ಮುರಿದು ರಬ್ಬರಿನೊಳಗೆ ಉಳಿದಿದೆ, ಉಗುರಿಗೆ ಸಿಗುತ್ತಿಲ್ಲ. ದಬ್ಬಣ ಕೇಳಿದರೆ ಅಮ್ಮ ಕೊಡಲಿಲ್ಲ. ಗಾಳಿ ಇಳಿದಿಲ್ಲ, ಅದೂ ಅಲ್ಲೇ ಇದೆ.